ಮೀನಿಗೆ ಸಾರಾಯಿ ತಂದ ಮೇಡಿಂಗ್

ಬೆಳಗಿನ ಐದೂವರೆ. ಮನಿಲಾದ ದಕ್ಷಿಣಕ್ಕಿರುವ ಬನಾಹಾವ್ ಬೆಟ್ಟದ ನೆತ್ತಿಗೆ ಇನ್ನೂ ಬೆಳಕು ತಾಗಿಲ್ಲ. ಸಾನ್ ರೋಕೆ ಕಾಲೇಜಿನ ಹಿಂಬದಿಯ ಉದ್ದನೆಯ ಹಳೇ ಕಟ್ಟಡದ ಕಿಟಕಿಗಳನ್ನು ರೆಮೆದಿಯೋಸ್ ಕಾತಿಂದಿಗ್ ಒಂದೊಂದಾಗಿ ತೆರೆಯುತ್ತಿದ್ದಾರೆ. ಒಟ್ಟು ಹನ್ನೆರಡು ಕಿಟಕಿ. ಏಳನೆಯದರ ಚಿಲಕ ಮೊಂಡು; ಅದಕ್ಕೆ ಮೊಣಕೈಯಿಂದ ಒಂದು ಗುದ್ದು ಕೊಡಲೇಬೇಕು. ಕೊಟ್ಟು, ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಪೊಟ್ಟಣದಿಂದ ಬಿಸಿ ಪಾಂದೆಸಾಲ್ ಬನ್ನು ತೆಗೆದು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಒಳಗೆ ಕಟ್ಟಿಕೊಂಡ ಸ್ಪಿರಿಟ್ ಆವಿ ಹೊರಗೆ ಹೋಗಲು ಎರಡು ಬನ್ನು ತಿನ್ನುವಷ್ಟು ಹೊತ್ತು ಬೇಕು ಎಂಬುದು ಅವರ ಅನುಭವ.

ಒಳಗೆ ಹದಿನೆಂಟು ಸಾವಿರ ಗಾಜಿನ ಜಾಡಿಗಳಿವೆ. ಕಪ್ಪೆ, ಹಾವು, ಬಾವಲಿ, ಏಡಿ, ಮೀನು, ಹೆಸರೇ ಗೊತ್ತಿಲ್ಲದ ಹುಳ. ನೂರು ವರ್ಷಗಳಿಂದ ಈ ದ್ವೀಪಗಳ ಕಾಡು, ಹೊಳೆ, ಕಡಲುಗಳಿಂದ ತಂದು ಮದ್ಯಸಾರದಲ್ಲಿ ಮುಳುಗಿಸಿಟ್ಟ ಮಾದರಿಗಳು. ಸಂಶೋಧಕರು ಬರುತ್ತಾರೆ, ನೋಡುತ್ತಾರೆ, ಬರೆದುಕೊಂಡು ಹೋಗುತ್ತಾರೆ. ಜಾಡಿಯೊಳಗಿನ ಸ್ಪಿರಿಟ್ ಆರದಂತೆ, ಕೆಡದಂತೆ ಕಾಯುವವರು ಇವರೊಬ್ಬರೇ. ವಿದ್ಯಾರ್ಥಿಗಳಿಂದ ಪ್ರಾಂಶುಪಾಲರ ತನಕ ಎಲ್ಲರ ಬಾಯಲ್ಲೂ ಇವರು ‘ನಾನಾಯ್ ಮೇಡಿಂಗ್’. ನಮ್ಮಲ್ಲಿ ಮೇಡಿಂಗಮ್ಮ ಅಂದ ಹಾಗೆ. ಬರುವ ಫೆಬ್ರವರಿಗೆ ಅರವತ್ತೈದು ತುಂಬುತ್ತದೆ.

ಮೊದಲ ಜಾಡಿಯ ಮುಚ್ಚಳ ಬಿಚ್ಚುತ್ತಾರೆ. ಒಳಗೆ ಬೆರಳುದ್ದದ ಮೀನುಗಳು. ಮೂಗನ್ನು ಜಾಡಿಯ ಹತ್ತಿರ ಒಯ್ಯುವುದಿಲ್ಲ. ಅಂಗೈ ಬೀಸಿ ವಾಸನೆಯನ್ನೇ ತಮ್ಮ ಕಡೆಗೆ ಕರೆದುಕೊಳ್ಳುತ್ತಾರೆ.

“ಅರವತ್ತೆರಡು” ಎನ್ನುತ್ತಾರೆ.

ಆಮೇಲೆ ಸ್ವಲ್ಪ ದ್ರವವನ್ನು ಉದ್ದನೆಯ ಗಾಜಿನ ಕೊಳವೆಗೆ ಸುರಿದು, ಸ್ಪಿರಿಟ್ ಎಷ್ಟು ಗಟ್ಟಿ ಎಂದು ತೋರಿಸುವ ಗಾಜಿನ ಕಡ್ಡಿಯನ್ನು ತೇಲಿಬಿಡುತ್ತಾರೆ. ಕಡ್ಡಿ ಎರಡು ಸಲ ಎದ್ದುಬಿದ್ದು ನಿಲ್ಲುತ್ತದೆ. ಅರವತ್ತು.

“ಎರಡು ಜಾಸ್ತಿ ಹೇಳ್ದೆ. ನೆಗಡಿ ಆಗಿದೆ ನೋಡಿ, ಅದಕ್ಕೆ” ಎಂದು ಮೂಗು ಒರೆಸಿಕೊಳ್ಳುತ್ತಾರೆ.

ಇಷ್ಟು ಬೇಗ ಬರುವುದೂ ಈ ಕಡ್ಡಿಗಾಗಿಯೇ. ಬಿಸಿಲೇರಿದರೆ ಸ್ಪಿರಿಟ್ ಹಿಗ್ಗಿ, ಕಡ್ಡಿ ಇಲ್ಲದ ಗಟ್ಟಿತನ ತೋರಿಸುತ್ತದೆ. ಹಾಗಾಗಿ ಅಳೆಯುವ ಕೆಲಸವೆಲ್ಲ ಎಂಟರೊಳಗೆ. ದಿನಕ್ಕೆ ಅರವತ್ತು ಜಾಡಿ. ಒಂದು ಸುತ್ತು ಮುಗಿಯುವಾಗ ವರ್ಷ ಕಳೆದು ಮೇಲೆ ಎರಡು ಮೂರು ತಿಂಗಳು. ಅಷ್ಟರಲ್ಲಿ ಮೊದಲ ಕಪಾಟಿನ ಜಾಡಿಗಳು ಮತ್ತೆ ಆರಿರುತ್ತವೆ. ಇಪ್ಪತ್ತೆಂಟು ವರ್ಷಗಳಿಂದ ಹೀಗೇ ಸುತ್ತುತ್ತಿದ್ದಾರೆ.

“ಜನ ಅಂದ್ಕೋತಾರೆ, ಸ್ಪಿರಿಟ್ ಸುರಿದು ಮುಚ್ಚಿಟ್ರೆ ಆಯ್ತು ಅಂತ. ಹಾಗಲ್ಲ. ನೀರು ಜಾಸ್ತಿಯಾದ್ರೆ ಕೊಳೆಯುತ್ತೆ. ಸ್ಪಿರಿಟ್ ಜಾಸ್ತಿಯಾದ್ರೆ ಒಣಮೀನು ಆಗುತ್ತೆ, ಮುಟ್ಟಿದ್ರೆ ಬಾಲ ಮುರಿಯುತ್ತೆ. ಎಪ್ಪತ್ತು. ಎಪ್ಪತ್ತು ಪಾಲು ಎಥನಾಲ್, ಮೂವತ್ತು ಪಾಲು ಭಟ್ಟಿ ಇಳಿಸಿದ ನೀರು. ನಲ್ಲಿ ನೀರು ಹಾಕಿದ್ರೆ ತಳದಲ್ಲಿ ಸುಣ್ಣ ಕೂರುತ್ತೆ. ವಂಶವಾಹಿ ಪರೀಕ್ಷೆಗೆ ಅಂತ ಎತ್ತಿಟ್ಟ ಮಾಂಸದ ಚೂರಿಗೆ ಮಾತ್ರ ತೊಂಬತ್ತೈದು. ಏಡಿ, ಸೀಗಡಿಗೆ ಒಂದ್ನಾಲ್ಕು ಹನಿ ಗ್ಲಿಸರಿನ್ ಸೇರಿಸ್ತೀನಿ, ಕಾಲು ಬಾಗಲಿ ಅಂತ.”

ಔಷಧಿ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್ ಅಗ್ಗವಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಕೆಲವು ಕಡೆ ಅದನ್ನೇ ಇಡ್ತಾರೆ. ಆದ್ರೆ ಅದಕ್ಕೆ ಹಾಕಿದ್ದು ಅದರಲ್ಲೇ ಇರಬೇಕು. ಇವತ್ತು ಅದು, ನಾಳೆ ಇದು ಅಂತ ಓಡಾಡಿಸಬಾರದು. ಹೋದ ಮನೇಲೇ ಬಾಳಬೇಕು ಅಂತ ನಮ್ಮತ್ತೆ ಹೇಳ್ತಿದ್ರು. ಮನುಷ್ಯರ ವಿಷಯದಲ್ಲಿ ಅದು ಸುಳ್ಳು, ಜಾಡಿ ವಿಷಯದಲ್ಲಿ ನಿಜ.”

ಮೇಡಿಂಗ್ ಇಲ್ಲಿಗೆ ಬಂದದ್ದು ನೆಲ ಒರೆಸಲು. ಓದಿದ್ದು ಹೈಸ್ಕೂಲಿನ ಎರಡನೇ ವರ್ಷದವರೆಗೆ. ಗಂಡ ಜೀಪ್ನಿ ಎಂಬ ಬಾಡಿಗೆ ವ್ಯಾನು ಓಡಿಸುತ್ತಿದ್ದವರು, ಕಣ್ಣು ಮಂಜಾಗಿ ಮನೆಯಲ್ಲಿ ಕೂತ ವರ್ಷ ಕಾಲೇಜಿನಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಆರಾರು ತಿಂಗಳ ಗುತ್ತಿಗೆ. ಜಾಡಿಗಳ ಕೋಣೆಗೆ ಹೋಗಲು ಬೇರೆ ಕೆಲಸದವರು ಹೆದರುತ್ತಿದ್ದರಂತೆ. “ನಂಗೇನೂ ಅನಿಸಲಿಲ್ಲ. ಸತ್ತ ಹಾವು ಕಚ್ಚುತ್ತಾ?”

ಐದು ವರ್ಷ ಹಾಗೇ ಕಳೆಯಿತು. 1996ರಲ್ಲಿ ಕಾಲೇಜಿನ ಖರೀದಿ ಗುಮಾಸ್ತರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಒಲೆ ಉರಿಸುವ ಸ್ಪಿರಿಟ್ ತರಿಸಿದರು. ಕುಡಿಯಬಾರದೆಂದು ಕಂಪನಿಯವರು ಅದಕ್ಕೆ ಏನೇನೋ ಬೆರೆಸಿರುತ್ತಾರೆ. ಕೈ ಸಾಲದೆ, ಜಾಡಿ ತುಂಬಿಸಲು ಮೇಡಿಂಗರನ್ನೂ ಕರೆದಿದ್ದರು. ಇವರು ಬಕೆಟ್ಟಿನಲ್ಲಿ ಅದಕ್ಕೆ ನೀರು ಬೆರೆಸಿದ್ದೇ ತಡ, ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು.

“ಸಾರ್, ಇದು ಸರಿಯಿಲ್ಲ ಅಂದೆ. ಆ ಗುಮಾಸ್ತ, ‘ನೀನ್ಯಾವಾಗಿಂದ ವಿಜ್ಞಾನಿ ಆದೆ? ಸುರಿ’ ಅಂದ. ಸುರಿದೆ. ನಲವತ್ತು ಕಪ್ಪೆ ಜಾಡಿಗೆ ಸುರಿದೆ.” ಈ ಮಾತು ಹೇಳುವಾಗ ಮೇಡಿಂಗ್ ನೆಲ ನೋಡುತ್ತಾರೆ. “ಮಾರನೇ ದಿನ ನೋಡಿದ್ರೆ ಒಳಗಿನ ಕಪ್ಪೆನೇ ಕಾಣ್ತಿಲ್ಲ. ಎಲ್ಲಾ ಹಾಲು.”

ಆ ದಿನ ಅವರು ಅಂಥ ಒಂದು ಜಾಡಿಯನ್ನು ಎತ್ತಿಕೊಂಡು ಹೋಗಿ ಡಾಕ್ಟರ್ ಸಾರ್ಮಿಯೆಂತೊ ಅವರ ಮೇಜಿನ ಮೇಲಿಟ್ಟರು. ಆಗಷ್ಟೇ ಸೇರಿದ್ದ ಯುವ ಅಧ್ಯಾಪಕ. ಈಗ ಇಡೀ ಸಂಗ್ರಹದ ಮುಖ್ಯಸ್ಥರು. ಅವರು ತಲೆಯೆತ್ತುವ ತನಕ ಮೇಡಿಂಗ್ ಅಲ್ಲೇ ನಿಂತರು. ಮುಂದಿನ ಮೂರು ವಾರ ಇಬ್ಬರೂ ಸೇರಿ ನಲವತ್ತು ಕಪ್ಪೆಗಳನ್ನು ತೊಳೆದು, ಮೂವತ್ತರ ಸ್ಪಿರಿಟ್, ಐವತ್ತರದು, ಆಮೇಲೆ ಎಪ್ಪತ್ತರದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಉಳಿಸಿಕೊಂಡರು. ಕಡ್ಡಿ ಓದಲು ಸಾರ್ಮಿಯೆಂತೊ ಕಲಿಸಿದ್ದು ಆಗಲೇ. “‘ನಾಳೆಯಿಂದ ನೀವು ಪೊರಕೆ ಮುಟ್ಟಬೇಡಿ’ ಅಂದ್ರು ಡಾಕ್. ಆದ್ರೂ ಇನ್ನೂ ಹದಿನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಗುಡಿಸುವವಳು’ ಅಂತಲೇ ಇತ್ತು. ಇರಲಿ ಬಿಡಿ, ಗುಡಿಸೋದೂ ನಾನೇ ತಾನೆ.”

ಕೆಲಸ ಮೈಯಲ್ಲಿ ಗುರುತು ಉಳಿಸಿದೆ. ಬೆರಳ ತುದಿಗಳು ಬೇಸಗೆಯ ಕೆರೆಯಂತೆ ಬಿರಿದಿವೆ. ರಾತ್ರಿ ಹಚ್ಚಲು ಎಳ್ಳೆಣ್ಣೆಗಿಂತ ತೆಂಗಿನೆಣ್ಣೆಯೇ ಮೇಲು ಎನ್ನುತ್ತಾರೆ. ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆ. ಅದಕ್ಕಿಂತ ನೋವು ಕೊಟ್ಟದ್ದು ವಾಸನೆ. ಸಂಜೆ ಜೀಪ್ನಿ ಹತ್ತಿದರೆ ಪಕ್ಕದವರು ಸರಿದು ಕೂರುತ್ತಿದ್ದರು. ಚರ್ಚಿನಲ್ಲಿ ಹಿಂದಿನ ಸಾಲಿನವರು ಗುಸುಗುಸು ಮಾಡುತ್ತಿದ್ದರು. ಒಮ್ಮೆ ಮಗಳ ಟೀಚರ್ ಕರೆಸಿ, “ಮಕ್ಕಳ ಮುಂದೆ ಸ್ವಲ್ಪ ಕಡಿಮೆ ಮಾಡಿ ಅಮ್ಮಾ” ಎಂದು ಬುದ್ಧಿ ಹೇಳಿದರಂತೆ.

“ನಾನು ಈ ಜನ್ಮದಲ್ಲಿ ಒಂದು ಗುಟುಕು ಕುಡಿದೋಳಲ್ಲ! ಆದ್ರೆ ಏನಂತ ಹೇಳ್ಲಿ? ‘ಟೀಚರ್, ಇದು ನಾನಲ್ಲ, ಹಾವು ಕುಡಿದದ್ದು’ ಅನ್ಲಾ?” ಈಗ ನಗುತ್ತಾರೆ. ಅಂದು ಮಗಳು ಮನೆತನಕ ಹತ್ತು ಹೆಜ್ಜೆ ಮುಂದೆಯೇ ನಡೆದಳಂತೆ.

ಸಾನ್ ರೋಕೆಯಲ್ಲಿ ಮೇಡಿಂಗ್ ಯಾರೆಂದು ಹೆಚ್ಚು ಜನರಿಗೆ ಗೊತ್ತಾದದ್ದು 2020ರಲ್ಲಿ. ಮಾರ್ಚ್ ಮೊದಲ ವಾರ ಸಂಗ್ರಹಕ್ಕೆ ಇನ್ನೂರು ಲೀಟರಿನ ನಾಲ್ಕು ಡ್ರಮ್ ಶುದ್ಧ ಎಥನಾಲ್ ಬಂದಿತ್ತು. ಮುಂದಿನ ಸುತ್ತಿಗೆಲ್ಲ ಅಷ್ಟೇ ಆಧಾರ. ಹತ್ತು ದಿನ ಕಳೆಯುವುದರೊಳಗೆ ಲಾಕ್‌ಡೌನ್ ಆಯಿತು. ಸಾರ್ಮಿಯೆಂತೊ ಮನಿಲಾದಲ್ಲಿ ಸಿಕ್ಕಿಬಿದ್ದರು. ಕಾಲೇಜು ಮುಚ್ಚಿತು, ಕಟ್ಟಡದ ಎ.ಸಿ. ಆರಿಸಬೇಕೆಂದು ಆದೇಶ ಬಂತು. ಬೀಗದ ಕೈ ಮೇಡಿಂಗರ ಸೆರಗಿನಲ್ಲಿ, ಅಂದರೆ ಏಪ್ರನ್ ಜೇಬಿನಲ್ಲಿ, ಉಳಿಯಿತು. ಮನೆ ಕಾಲೇಜಿನ ಬೇಲಿಗೆ ಅಂಟಿಕೊಂಡೇ ಇದ್ದುದರಿಂದ ಕಾವಲುಗಾರ ಅವರನ್ನು ತಡೆಯಲಿಲ್ಲ.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ಸೂಲಗಿತ್ತಿ ಲುದಿವಿನಾ ಬಂದು ಗೇಟಿನಾಚೆ ನಿಂತರು. ಕೈಯಲ್ಲಿ ಖಾಲಿ ನೀರಿನ ಕ್ಯಾನುಗಳು.

“ನಾನಾಯ್, ನಿಮ್ಮ ಹತ್ರ ಸ್ಪಿರಿಟ್ ಇದೆಯಂತೆ.”

“ಇದೆ. ಮೀನಿಗೆ.”

“ನನ್ನ ಹತ್ರ ಮೂರು ಜನ ದಿನ ತುಂಬಿದ ಬಸುರಿಯರಿದ್ದಾರೆ. ಕೈಗೆ ಹಚ್ಚಿಕೊಳ್ಳೋಕೆ ಒಂದು ತೊಟ್ಟು ಇಲ್ಲ. ಲುಸೇನಾ ಪಟ್ಟಣದ ತನಕ ಹುಡುಕಿದೆ. ಅಂಗಡಿಲಿಲ್ಲ, ಆಸ್ಪತ್ರೆಲಿಲ್ಲ.”

“ಇವರೆಲ್ಲ ಒಣಗಿ ಹೋಗ್ತಾರೆ, ಲುದಿ.”

“ಅವರು ಆಗಲೇ ಸತ್ತಿದ್ದಾರಲ್ಲ, ನಾನಾಯ್!”

ಮೇಡಿಂಗ್ ನಾಳೆ ಬಾ ಎಂದರು. ಒಳಗೆ ಹೋಗಿ ಕಪಾಟುಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದರು. ಎರಡು ಸಲ ನಡೆದರು. ಆಮೇಲೆ ಸಾರ್ಮಿಯೆಂತೊ ಅವರಿಗೆ ಫೋನು ಮಾಡಿದರು. “ಕೊಡಿ ಅನ್ನೋಕೆ ನನಗೆ ಅಧಿಕಾರ ಇಲ್ಲ, ನಾನಾಯ್. ಬೇಡ ಅನ್ನೋಕೆ ಮನಸ್ಸಿಲ್ಲ. ಕೋಣೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು” ಎಂದರಂತೆ.

“ಅಂದ್ರೆ ನನ್ನ ತಲೆ ಮೇಲೆ ಹಾಕಿದ್ರು ಅಂತ!” ಎಂದು ಮೇಡಿಂಗ್ ಇವತ್ತಿಗೂ ಅವರನ್ನು ಕೆಣಕುತ್ತಾರೆ.

ಮರುದಿನ ಮೂರು ಡ್ರಮ್ ಆರೋಗ್ಯ ಕೇಂದ್ರಕ್ಕೆ ಹೋದವು. ಹಾಗೇ ಕೊಡಲಿಲ್ಲ, ಭಟ್ಟಿ ನೀರು ಬೆರೆಸಿ, ಕಡ್ಡಿ ತೇಲಿಸಿ, ಎಪ್ಪತ್ತೈದಕ್ಕೆ ತಂದು ಕ್ಯಾನುಗಳಿಗೆ ತುಂಬಿಕೊಟ್ಟರು. ಸಾನ್ ರೋಕೆಯ ಹೆರಿಗೆಗಳು, ಬರಂಗಾಯ್, ಅಂದರೆ ಊರ ಪಂಚಾಯ್ತಿ, ಕಚೇರಿಯ ಬಾಗಿಲು, ಮಾರುಕಟ್ಟೆಯ ಗೇಟು, ಎಲ್ಲವೂ ಜೂನ್ ತನಕ ಅದರಲ್ಲೇ ನಡೆದವು.

ಉಳಿದದ್ದು ಒಂದು ಡ್ರಮ್. ಮೇಡಿಂಗ್ ಮನೆಯಿಂದ ಕೆಂಪು ರಿಬ್ಬನ್ ತಂದರು. ಒಂದು ಜೀವಿಗೆ ವಿಜ್ಞಾನದಲ್ಲಿ ಮೊದಲ ಬಾರಿ ಹೆಸರಿಟ್ಟಾಗ ಸಾಕ್ಷಿಗೆಂದು ಎತ್ತಿಟ್ಟ ಮಾದರಿಗಳಿಗೆ ಒಂದು ಗಂಟು. ಮತ್ತೆ ಯಾರಿಗೂ ಸಿಗದ ಜೀವಿಗಳಿಗೆ ಒಂದು ಗಂಟು. ರಿಬ್ಬನ್ ಇದ್ದವಕ್ಕೆ ಮಾತ್ರ ಸ್ಪಿರಿಟ್. ಎ.ಸಿ. ಇಲ್ಲದ ಕೋಣೆ ಏಪ್ರಿಲ್ ತಿಂಗಳ ಒಲೆಯಾಗಿತ್ತು. ರಬ್ಬರ್ ಮುಚ್ಚಳಗಳು ಬಿರಿದವು, ಜಾಡಿಗಳ ಮಟ್ಟ ಕಣ್ಣೆದುರೇ ಇಳಿಯಿತು.

“ಯಾರು ಉಳೀಬೇಕು, ಯಾರು ಒಣಗಬೇಕು ಅಂತ ನಾನು ಗೆರೆ ಎಳೆದೆ. ಹೈಸ್ಕೂಲೂ ಮುಗಿಸದ ನಾನು. ಸಮುದ್ರ ಸೌತೆ ಅನ್ನೋ ಮೆತ್ತನೆ ಕಡಲ ಜೀವಿಗಳು ಕೆಳಗಿನ ಕಪಾಟಲ್ಲಿದ್ವು. ಅಂಥವು ಬೇರೆ ಕಡೆ ಬೇಕಾದಷ್ಟಿವೆ ಅಂತ ರಿಬ್ಬನ್ ಕಟ್ಟಲಿಲ್ಲ. ಮೇ ಕೊನೆಗೆ ನೋಡಿದ್ರೆ ಹನ್ನೊಂದು ಜಾಡಿ ಪೂರ್ತಿ ಒಣಗಿ ಚಕ್ಕೆ ಆಗಿದ್ವು. ಅವನ್ನ ಕಡಲಿಂದ ತಂದವರು ಎಷ್ಟು ಆಳಕ್ಕೆ ಮುಳುಗಿ ತಂದಿದ್ರೋ.”

ಆ ಹನ್ನೊಂದರ ಆಚೆ ಮತ್ತೊಂದು ಒಣಗಬಾರದು ಎಂದು ಅವತ್ತೇ ನಿರ್ಧರಿಸಿದರು. ಉಳಿದ ಡ್ರಮ್ಮೂ ತಳ ಕಂಡಿತ್ತು, ಸ್ಪಿರಿಟ್ ಎಲ್ಲೂ ಸಿಗುತ್ತಿರಲಿಲ್ಲ, ನಿಜ. ಆದರೆ ಇಲ್ಲಿಂದ ಒಂದು ಗಂಟೆ ದಾರಿಯ ತೆಂಗಿನ ತೋಟಗಳಲ್ಲಿ ತಲೆತಲಾಂತರದಿಂದ ಕಳ್ಳು ಭಟ್ಟಿ ಇಳಿಸಿ ಲಂಬನೋಗ್ ಸಾರಾಯಿ ಮಾಡುತ್ತಾರೆ. ಲಾಕ್‌ಡೌನಿನಲ್ಲಿ ಮದ್ಯ ಮಾರಾಟ ನಿಷೇಧವಾಗಿ ಭಟ್ಟಿಯವರೆಲ್ಲ ಕೈಕಟ್ಟಿ ಕೂತಿದ್ದರು. ಅಂಥವರಲ್ಲಿ ಒಬ್ಬರು ಮೇಡಿಂಗರ ದೂರದ ನೆಂಟ ಮಾಂಗ್ ಕಾನೋರ್, ನಮ್ಮಲ್ಲಿ ಕಾನೋರಣ್ಣ ಅಂದ ಹಾಗೆ.

“ಮೂರು ಸಲ ಇಳಿಸಬೇಕು” ಎಂದು ಮೇಡಿಂಗ್ ಹೇಳಿದಾಗ ಕಾನೋರ್ ಬಾಯಿಬಿಟ್ಟರು.

“ಮೂರು ಸಲಾನಾ? ಒಂದು ಸಲದ್ದಕ್ಕೇ ನನ್ನ ಭಾವಮೈದ ಕೋಳಿ ಗೂಡಲ್ಲಿ ಮಲಗ್ತಾನೆ. ಯಾರಮ್ಮಾ ಕುಡಿಯೋದು?”

“ಮೀನು. ಆಮೇಲೆ ಕಪ್ಪೆ.”

“ಪುಣ್ಯವಂತ ಮೀನು!”

ಮೊದಲ ಭಟ್ಟಿಯದು ನಲವತ್ತೆರಡು ಇತ್ತು. ಎರಡನೆಯದು ಅರವತ್ತೆಂಟು. ಮೂರನೆಯದು ಎಂಬತ್ತು ದಾಟಿತು. ಪ್ರತಿ ಸಲವೂ ಮೊದಲು ಬರುವ ಘಾಟಿನ ಭಾಗವನ್ನು ಮೇಡಿಂಗ್ ನಿರ್ದಾಕ್ಷಿಣ್ಯವಾಗಿ ಚೆಲ್ಲಿಸಿದರು. ಅದರಲ್ಲೇ ವಿಷ ಇರುವುದು. ಚೆಲ್ಲಿದ ಒಂದೊಂದು ಲೋಟಕ್ಕೂ ಕಾನೋರ್ ಗೊಣಗಿದರು. ರುಚಿ ನೋಡು ಎಂದರೆ ಮೇಡಿಂಗ್ ಅಂಗೈ ಬೀಸಿ, “ಎಂಬತ್ತೊಂದು” ಎಂದಷ್ಟೇ ಹೇಳಿದರು. ಕಾನೋರ್ ಹಣ ಮುಟ್ಟಲಿಲ್ಲ. ಕಳ್ಳು ಹುಳಿಯಾಗಿ ಹೋಗುವ ಬದಲು ಕಪ್ಪೆಯಾದರೂ ಕುಡಿಯಲಿ ಎಂದರು.

ತೊಂದರೆಯಾದದ್ದು ವಾಪಸು ಬರುವಾಗ. ಟ್ರೈಸಿಕಲ್ ಎಂಬ ಮೂರು ಚಕ್ರದ ಬಾಡಿಗೆ ಗಾಡಿ ತುಂಬ ಲಂಬನೋಗ್ ಕ್ಯಾನು. ಊರ ಬಾಯಿಯ ತಪಾಸಣೆ ಕಟ್ಟೆಯಲ್ಲಿ ಸಾರ್ಜೆಂಟ್ ಮರಲಿತ್ ಎಂಬ ದಪ್ಪ ಮೀಸೆಯ ಪೊಲೀಸ್ ಅಧಿಕಾರಿ ತಡೆದರು. ಮುಚ್ಚಳ ಬಿಚ್ಚಿ ಮೂಸಿದರು.

“ಏನಜ್ಜೀ ಇದು? ನಿಷೇಧ ಇದೆ ಅಂತ ಗೊತ್ತಿಲ್ವಾ?”

“ಇದು ಕುಡಿಯೋಕಲ್ಲ, ಸಾರ್ಜೆಂಟ್. ಮೀನಿಗೆ.”

“ಓಹೋ. ನಿಮ್ಮೂರ ಮೀನು ಲಂಬನೋಗ್ ಕುಡಿಯುತ್ತೆ. ಜೊತೆಗೆ ನೆಂಚಿಕೊಳ್ಳೋಕೆ ಹಂದಿ ಚರ್ಮ ಹುರಿದದ್ದು ಬೇಡವಾ ಅದಕ್ಕೆ?”

ಸುತ್ತಲಿದ್ದವರೆಲ್ಲ ನಕ್ಕರು. ಮೇಡಿಂಗ್ ಗುರುತಿನ ಚೀಟಿ ತೋರಿಸಿದರು. ಅದರಲ್ಲಿ ‘ಪ್ರಯೋಗಾಲಯ ಸಹಾಯಕಿ’ ಎಂದಿತ್ತು. ಗಾಜಿನ ಕಡ್ಡಿ ತೋರಿಸಿದರು. ಸಾರ್ಜೆಂಟ್ ನಂಬಲಿಲ್ಲ, ಕ್ಯಾನುಗಳನ್ನು ಚರಂಡಿಗೆ ಸುರಿಯಲು ಪೇದೆಗೆ ಹೇಳಿದರು. ಆಗ ಮೇಡಿಂಗ್ ಕ್ಯಾನುಗಳ ಮುಂದೆ ಕೂತುಬಿಟ್ಟರು. ನಡುರಸ್ತೆಯಲ್ಲಿ, ಬಿಸಿಲಲ್ಲಿ.

“ಸುರಿಯೋದಾದ್ರೆ ನನ್ನ ತಲೆ ಮೇಲೆ ಸುರೀರಿ. ಇಲ್ಲಾಂದ್ರೆ ನನ್ನ ಹಿಂದೆ ಬಂದು ನೋಡಿ. ಒಂದು ತೊಟ್ಟು ಮನುಷ್ಯರ ಬಾಯಿಗೆ ಹೋದ್ರೂ ನನ್ನನ್ನ ಒಳಗೆ ಹಾಕಿ.”

ಸಾರ್ಜೆಂಟ್ ಮೋಟಾರ್ ಸೈಕಲ್ಲಿನಲ್ಲಿ ಹಿಂಬಾಲಿಸಿಯೇ ಬಂದರು. ಮೇಡಿಂಗ್ ಲಂಬನೋಗ್‌ಗೆ ನೀರು ಬೆರೆಸಿದರು. ಹಾಲಾಗಲಿಲ್ಲ, ಗಾಜಿನಂತೆ ತಿಳಿಯಾಗಿ ನಿಂತಿತು. ಕಡ್ಡಿ ತೇಲಿಸಿದರು. ಎಪ್ಪತ್ತು. ಅರ್ಧ ಆರಿದ್ದ ಜಾಡಿಗೆ ಸುರಿದರು. ಮೇಲೆದ್ದು ಕಾಣುತ್ತಿದ್ದ ಮೀನುಗಳ ಬೆನ್ನು ಮೆಲ್ಲಗೆ ಮುಳುಗಿತು.

“ಇದ್ಯಾವ ಮೀನು?” ಸಾರ್ಜೆಂಟ್ ಕೇಳಿದರು.

“ಆಚೆ ಕಣಿವೆಯ ಕೆರೆಯದು. ಈಗ ಆ ಕೆರೇಲಿ ಇಲ್ಲ. ಎಲ್ಲೂ ಇಲ್ಲ. ಇಲ್ಲಿರೋ ಹದಿನೇಳೇ.”

ಸಾರ್ಜೆಂಟ್ ಟೊಪ್ಪಿಗೆ ತೆಗೆದು ಬಗ್ಗಿ ನೋಡಿದರು. ಅವರ ಅಜ್ಜಿಯ ಊರು ಅದೇ ಕಣಿವೆ. ಅಜ್ಜಿ ಬಾಳೆಯೆಲೆಯಲ್ಲಿ ಸುತ್ತಿ ಸುಡುತ್ತಿದ್ದ ಪುಟ್ಟ ಮೀನಿನ ಕಥೆ ಕೇಳಿದ್ದರೇ ಹೊರತು ಮೀನನ್ನು ಕಂಡಿರಲಿಲ್ಲ. ಒಂದು ಗಂಟೆ ಅಲ್ಲೇ ಇದ್ದರು. ಮುಂದಿನ ನಾಲ್ಕು ಸಲ ಲಂಬನೋಗ್ ಬಂದಾಗ ಟ್ರೈಸಿಕಲ್ ಮುಂದೆ ಅವರದೇ ಮೋಟಾರ್ ಸೈಕಲ್ ಇತ್ತು. ಆ ಸೆಪ್ಟೆಂಬರ್ ತನಕ ಸಂಗ್ರಹ ಉಳಿದದ್ದು ಕಾನೋರ್ ಭಟ್ಟಿಯಲ್ಲಿ.

ಕಾಲೇಜು ತೆರೆದ ಮೇಲೆ ಆಡಳಿತ ಕಚೇರಿಯಿಂದ ಪತ್ರ ಬಂತು. ಮೂರು ಡ್ರಮ್ ಯಾರ ಅನುಮತಿಯಿಂದ ಹೊರಗೆ ಹೋಯಿತು, ವಿವರಣೆ ಕೊಡಿ ಎಂದು. ಸಾರ್ಮಿಯೆಂತೊ ಹೊಣೆ ತಮ್ಮದೆಂದು ಬರೆಯಲು ಕೂತರು. ಮೇಡಿಂಗ್ ಬಿಡಲಿಲ್ಲ. ತಾವೇ ಬರೆದರು: ಹೌದು, ನಾನೇ ಕೊಟ್ಟೆ. ಯಾರನ್ನೂ ಕೇಳಲು ಸಮಯವಿರಲಿಲ್ಲ. ಒಣಗಿದ ಹನ್ನೊಂದು ಜಾಡಿಗಳ ಪಟ್ಟಿ ಜೊತೆಗಿದೆ, ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಪತ್ರಕ್ಕೆ ಮರುಪತ್ರ ಬರಲಿಲ್ಲ. ಆದರೆ ಬೆಳಗ್ಗೆ ಮೆಟ್ಟಿಲ ಮೇಲೆ ಯಾರೋ ಪಪಾಯ, ಬಾಳೆಗೊನೆ ಇಟ್ಟು ಹೋಗುವುದು ಶುರುವಾಯಿತು. ಆ ಬೇಸಗೆಯಲ್ಲಿ ಹುಟ್ಟಿದ ಮಕ್ಕಳ ತಾಯಂದಿರಿರಬೇಕು. ಜೀಪ್ನಿಯಲ್ಲಿ ಈಗ ಯಾರೂ ಸರಿದು ಕೂರುವುದಿಲ್ಲ.

ಲಂಬನೋಗ್ ಸೇರಿದ ಪ್ರತಿ ಜಾಡಿಯಲ್ಲೂ ಮೇಡಿಂಗ್ ಪೆನ್ಸಿಲಿನಲ್ಲಿ ಬರೆದ ಚೀಟಿ ಇದೆ: ಏನು ಸುರಿದದ್ದು, ಎಂದು, ಯಾರ ಭಟ್ಟಿ. “ಮುಚ್ಚಿಡಬಾರದು. ನಾಳೆ ಪರೀಕ್ಷೆ ಮಾಡೋರಿಗೆ ಲೆಕ್ಕ ತಪ್ಪುತ್ತೆ.” ಕಳೆದ ವರ್ಷ ಸೆಬು ದ್ವೀಪದಿಂದ ಬಂದ ಸಂಶೋಧಕಿಯೊಬ್ಬಳು ಅಂಥ ಮೀನುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಏನೂ ಕೆಟ್ಟಿಲ್ಲ ಎಂದಳು. ಮೇಡಿಂಗ್ ಆ ದಿನ ಎರಡರ ಬದಲು ನಾಲ್ಕು ಪಾಂದೆಸಾಲ್ ತಿಂದರು.

ಫೆಬ್ರವರಿಯಲ್ಲಿ ನಿವೃತ್ತಿ. ಅವರ ಜಾಗಕ್ಕೆ ಯಾರೂ ಇನ್ನೂ ನೇಮಕವಾಗಿಲ್ಲ. ಅದರ ಚಿಂತೆ ಸಾರ್ಮಿಯೆಂತೊ ಅವರಿಗೆ ಹತ್ತಿದೆ. ಮೇಡಿಂಗ್ ಮಾತ್ರ ಬೇರೊಂದು ವಿಷಯ ಎತ್ತುತ್ತಾರೆ. ಕಪಾಟಿನ ಮೇಲುಗಡೆಯಿಂದ ಒಂದು ಪುಟ್ಟ ಜಾಡಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಹೆಬ್ಬೆರಳ ಗಾತ್ರದ ಮರಗಪ್ಪೆ. ಬನಾಹಾವ್ ಬೆಟ್ಟದ್ದೇ. ಹಾಲು ಹೆಚ್ಚಾದ ಚಹಾದ ಬಣ್ಣ.

“ಸ್ಪಿರಿಟ್ ಎಲ್ಲಾನೂ ಉಳಿಸುತ್ತೆ, ಬಣ್ಣ ಒಂದು ಬಿಟ್ಟು. ಇಲ್ಲಿರೋ ಹದಿನೆಂಟು ಸಾವಿರಕ್ಕೂ ಇದೇ ಬಣ್ಣ. ಇವರಲ್ಲಿ ಒಂದನ್ನೂ ನಾನು ಜೀವಂತ ನೋಡಿಲ್ಲ. ಈ ಚೀಟಿ ನೋಡಿ. 1931ರದ್ದು. ಹಿಡಿದವನು ಜಾಗ ಬರೆದಿದ್ದಾನೆ, ಎತ್ತರ ಬರೆದಿದ್ದಾನೆ, ಮಳೆ ಬರ್ತಿತ್ತು ಅಂತಾನೂ ಬರೆದಿದ್ದಾನೆ. ಕೊನೇಲಿ ‘ಬಣ್ಣ ಬಹಳ ಸುಂದರ’ ಅಂತ ಬರೆದು ಮುಗಿಸಿದ್ದಾನೆ. ಯಾವ ಬಣ್ಣ ಅಂತ ಬರೆಯೋಕೆ ಏನಾಗಿತ್ತು ಆ ಮಹಾರಾಯನಿಗೆ?”

ಸಾರ್ಮಿಯೆಂತೊ ಬೆಟ್ಟದ ಮೇಲೆ ಆ ಕಪ್ಪೆಯನ್ನು ಕಂಡಿದ್ದಾರೆ. ಬಣ್ಣ ಹೇಳಲು ಹೋದರೆ ಮೇಡಿಂಗ್ ಕಿವಿ ಮುಚ್ಚಿಕೊಳ್ಳುತ್ತಾರಂತೆ. ಮಂಡಿ ನೋವಿದೆ, ಹಾದಿ ಕಡಿದು. ಆದರೂ ಮಾರ್ಚ್‌ನಲ್ಲಿ ಮಳೆ ಇಲ್ಲದ ದಿನ ನೋಡಿ ಕರೆದುಕೊಂಡು ಹೋಗುವುದೆಂದು ಮಾತಾಗಿದೆ.

ಜಾಡಿಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಮುಚ್ಚಳ ಬಿಗಿಯಿದೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡುತ್ತಾರೆ.

“ನಾನು ಹೋಗಿ ನೋಡಿ ಬರ್ತೀನಿ. ಬಂದು ಆ ಚೀಟಿ ಕೆಳಗೆ ಇನ್ನೊಂದು ಸಾಲು ಬರೀತೀನಿ, ಯಾವ ಬಣ್ಣ ಅಂತ. ಕೆಳಗೆ ನನ್ನ ಹೆಸರೂ ಹಾಕ್ತೀನಿ. ಹಾಕಬಹುದು ತಾನೆ?”